ನಾನು ಹೇಳಿ ಬರೆಸಿದ ಕ್ಷಮಾಪಣೆ

ತಮ್ಮನ ಬಲಗಿವಿಯ ಹಿಂದೆ ಸದಾ ಒಂದು ನೀಲಿ ಕಲೆ. ಪೆನ್ನಿನ ಕೊಳವೆಯನ್ನು ಎಲ್ಲೋ ಕಳೆದು ಬರಿಯ ರೀಫಿಲ್ ಉಳಿಸಿಕೊಳ್ಳುತ್ತಿದ್ದ. ಅದನ್ನೇ ಕಿವಿಗೆ ಸಿಕ್ಕಿಸಿಕೊಂಡು ಜಯನಗರದ ಬ್ರೌಸಿಂಗ್ ಸೆಂಟರಿಗೆ ಕೆಲಸಕ್ಕೆ ಹೋಗುತ್ತಿದ್ದ. ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗ ನಾನು ಆ ಕಲೆಯನ್ನು ಉಜ್ಜಿ ತೆಗೆಯುತ್ತಿದ್ದೆ. ಸೋಮವಾರ ಸಂಜೆಗೆ ಮತ್ತೆ ಬಂದಿರುತ್ತಿತ್ತು.

ಗಲ್ಲಿಗೊಂದು ಬ್ರೌಸಿಂಗ್ ಸೆಂಟರ್ ಇದ್ದ ಕಾಲ ಅದು. ಅಪ್ಪ ಅಮ್ಮ ಹೋದ ಮೇಲೆ ಉತ್ತರಹಳ್ಳಿಯ ಬಾಡಿಗೆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಏಳನೇ ಕ್ಲಾಸಿಗೆ ಬಿಟ್ಟು ಗಾರ್ಮೆಂಟ್ಸ್ ಸೇರಿದವಳು. ಅವನು ಪಿಯುಸಿ ಮುಗಿಸಿ, ಕಂಪ್ಯೂಟರನ್ನು ತಾನೇ ನೋಡಿ ನೋಡಿ ಕಲಿತವನು.

ಏನಾದರೂ ತೆರೆದದ್ದು ಕಣ್ಣಿಗೆ ಬಿದ್ದರೆ ಹೇಳದೆ ಮುಂದೆ ಹೋಗುವುದು ಅವನಿಂದ ಆಗುತ್ತಿರಲಿಲ್ಲ. ಯಾರೋ ಸ್ಕೂಟರಿನಲ್ಲೇ ಕೀ ಮರೆತಿದ್ದರೆ ಆ ಮನೆಯ ಬೆಲ್ ಒತ್ತುತ್ತಿದ್ದ. ಒಮ್ಮೆ ಪಕ್ಕದ ಮನೆಯ ಆಂಟಿ ಬೀಗ ಹಾಕದೆ ಯಡಿಯೂರಿಗೆ, ಮಗಳ ಮನೆಗೆ ಹೋಗಿಬಿಟ್ಟಿದ್ದರು. ಇವನು ಕೆಲಸಕ್ಕೆ ರಜೆ ಹಾಕಿ ಸಂಜೆಯವರೆಗೆ ಅವರ ಹೊಸ್ತಿಲಾಚೆ ಕೂತಿದ್ದ. ಆಂಟಿ ಬಂದವರೇ ಮೊದಲು ಒಳಗೆ ಹೋಗಿ ಬೀರು ನೋಡಿಕೊಂಡರು, ಆಮೇಲೆ ಇವನಿಗೆ ಕಾಫಿ ಕೊಟ್ಟರು. ನನಗೆ ಉರಿದುಹೋಯಿತು. ನಮಗ್ಯಾಕೆ ಊರ ಉಸಾಬರಿ ಎಂದು ಬೈದೆ.

"ನೋಡ್ಕೊಳ್ಳಲಿ ಬಿಡಕ್ಕ, ಅವರ ಮನೆ ತಾನೇ," ಎಂದು ನಕ್ಕ.

ನನ್ನ ಮದುವೆಯ ಚಿಂತೆ ಅವನಿಗೆ. ವಧೂವರರ ವೆಬ್‌ಸೈಟ್ ಒಂದರಲ್ಲಿ ನನ್ನ ಫೋಟೊ, ವಿಳಾಸ, ಓನರ್ ಮನೆಯ ಫೋನ್ ನಂಬರ್ ಎಲ್ಲ ಹಾಕಿದ್ದ. ನಾಲ್ಕೇ ದಿನಕ್ಕೆ ಮುಖ ಸಣ್ಣದು ಮಾಡಿಕೊಂಡು ಬಂದ. ಪುಟದ ವಿಳಾಸದ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದಂತೆ. ಅದನ್ನು ಬದಲಾಯಿಸಿದರೆ ಸಾಕು, ಪಾಸ್‌ವರ್ಡ್ ಇಲ್ಲದೆಯೇ ಇನ್ನೊಬ್ಬ ಹುಡುಗಿಯ ಮನೆ, ಫೋನು ಎಲ್ಲ ಕಾಣುತ್ತದಂತೆ.

"ನಿನ್ನದೂ ಕಾಣುತ್ತೆ ಅಕ್ಕ. ಯಾರು ಬೇಕಾದ್ರೂ ನೋಡಬಹುದು."

ಎರಡು ಸಲ ಮೇಲ್ ಕಳಿಸಿದ. ಉತ್ತರ ಬರಲಿಲ್ಲ. ಕೆಲವು ಪುಟ ಪ್ರಿಂಟ್ ತೆಗೆದು, ಹುಡುಗಿಯರ ಹೆಸರು, ನಂಬರು ಕಾಣದಂತೆ ಗೀಚಿ, ಜೆ.ಪಿ. ನಗರದ ಅವರ ಆಫೀಸಿಗೆ ಕೊಟ್ಟುಬಂದ. ತನ್ನ ಹೆಸರು, ವಿಳಾಸವನ್ನು ಮಾತ್ರ ಸ್ಪಷ್ಟವಾಗಿ ಬರೆದಿದ್ದ. ಹೊರದೇಶದ ಕೆಲವು ಕಂಪನಿಗಳು ಹೀಗೆ ತೂತು ಹುಡುಕಿ ಹೇಳಿದ ಹೊರಗಿನವರಿಗೆ ಬಹುಮಾನ ಕೊಡುತ್ತವೆ, ಹೆಸರು ಹಾಕಿ ಥ್ಯಾಂಕ್ಸ್ ಹೇಳುತ್ತವೆ ಎಂದು ಊಟಕ್ಕೆ ಕೂತಾಗ ಹೇಳಿದ.

"ಕೊಡ್ತಾರೆ, ಬೆನ್ನಿಗೆ," ಅಂದೆ.

"ದುಡ್ಡು ಬೇಡ ಅಕ್ಕ. ಹೆಸರು ಹಾಕಿದ್ರೆ ಸಾಕು. ಅದನ್ನ ತೋರಿಸಿ ಒಂದು ಒಳ್ಳೆ ಕೆಲಸ ಕೇಳ್ತೀನಿ."

ಮೂರನೇ ದಿನ ಆ ಕಂಪನಿಯ ಮ್ಯಾನೇಜರ್ ಮನೆಗೇ ಬಂದರು.

"ನಿಮ್ಮ ತಮ್ಮ ನಮ್ಮ ಸೈಟಿಗೆ ಕೈ ಹಾಕಿದಾನೆ ಮೇಡಂ. ಪೊಲೀಸ್ ಕಂಪ್ಲೇಂಟ್ ಕೊಟ್ರೆ ಇವನ ಲೈಫ್ ಹಾಳಾಗುತ್ತೆ."

ನಮ್ಮ ಗಾರ್ಮೆಂಟ್ಸಿನಲ್ಲಿ ಎಲ್ಲದಕ್ಕೂ ಒಂದೇ ದಾರಿ. ಹತ್ತು ನಿಮಿಷ ತಡವಾದರೆ, ಸೂಜಿ ಮುರಿದು ಚೂರು ಸಿಗದಿದ್ದರೆ, ತಪ್ಪು ಯಾರದೇ ಇರಲಿ, ಕ್ಷಮಾಪಣೆ ಪತ್ರ ಬರೆದುಕೊಟ್ಟು ಮತ್ತೆ ಮೆಷಿನ್ ಮುಂದೆ ಕೂರುವುದು. ಅಂಥ ಪತ್ರ ಎಷ್ಟು ಬರೆದಿದ್ದೆನೋ. ಮ್ಯಾನೇಜರ್ ಕೇಳಿರಲೂ ಇಲ್ಲ. ನಾನೇ ಮೇಲೆ ಬಿದ್ದು, ಕ್ಷಮಾಪಣೆ ಪತ್ರ ಬರೆಸಿಕೊಡುತ್ತೇನೆ, ಇಲ್ಲಿಗೇ ಬಿಟ್ಟುಬಿಡಿ ಸಾರ್ ಅಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು.

"ಏನಂತ ಬರೀಲಿ ಅಕ್ಕ? ಹೇಳಿದ್ದೇ ತಪ್ಪಾ?"

"ನಾನು ಹೇಳಿದ ಹಾಗೆ ಬರಿ."

ನನಗೆ ಬಾಯಿಪಾಠವಾಗಿದ್ದ ಸಾಲುಗಳನ್ನೇ ಹೇಳಿದೆ. ತಪ್ಪು ಮಾಡಿದ್ದೇನೆ, ಕಂಪನಿಗೆ ತೊಂದರೆಯಾಗಿದೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ. 'ಬೇಕೆಂದೇ' ಅಂತಲೂ ಸೇರಿಸಿ ಎಂದರು ಮ್ಯಾನೇಜರ್. ತಮ್ಮನ ಕೈ ನಿಂತಿತು, ನನ್ನ ಮುಖ ನೋಡಿದ. ನಾನು ತಲೆಗೆ ಮೊಟಕಿದೆ. ಬರೆದ, ಸಹಿ ಹಾಕಿದ.

ಆ ಪತ್ರದ ಜೆರಾಕ್ಸ್ ಮಾರನೆ ದಿನವೇ ಬ್ರೌಸಿಂಗ್ ಸೆಂಟರಿನ ಮಾಲೀಕರಿಗೆ ತಲುಪಿತು. ಅವರು ನಾಳೆಯಿಂದ ಬರಬೇಡ ಅಂದರು. ಒಂದು ವಾರ ಕಳೆದಿರಬೇಕು, ಬೇರೆ ಎಲ್ಲೋ ಕೂತು ನೋಡಿಬಂದ ತಮ್ಮ ನನ್ನ ಹತ್ತಿರ ಮೆಲ್ಲಗೆ ಹೇಳಿದ, "ಸರಿ ಮಾಡಿದಾರೆ ಅಕ್ಕ. ಈಗ ನಿನ್ನ ನಂಬರ್ ಕಾಣಲ್ಲ."

ಮತ್ತೆ ಅದರ ತಂಟೆಗೆ ಹೋಗಿದ್ದೀಯಾ ಎಂದು ನಾನು ಕೂಗಾಡಿದೆ.

ಬಿ.ಟಿ.ಎಂ. ಲೇಔಟಿನ ಒಂದು ಸಣ್ಣ ಕಂಪನಿ ಕೆಲಸಕ್ಕೆ ಕರೆದಿತ್ತು. ಹಳೆ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ ಇವನು ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ. ಅವರು ಹಳೆಯ ಮಾಲೀಕರಿಗೆ ಫೋನ್ ಮಾಡಿದರು, ಪತ್ರದ ವಿಷಯ ತಿಳಿಯಿತು, ಅಲ್ಲಿಗೆ ಮುಗಿಯಿತು. ಕೊನೆಗೆ ಕೊರಿಯರ್ ಹಂಚುವ ಕೆಲಸಕ್ಕೆ ಸೇರಿದ. ನನ್ನನ್ನು ಒಂದು ದಿನವೂ ದೂರಲಿಲ್ಲ. ಒಂದು ಸಂಜೆ ಇಬ್ಬರೂ ಬನಶಂಕರಿ ಕಡೆಯಿಂದ ಬರುವಾಗ, ಮುಚ್ಚಿದ ಅಂಗಡಿಯ ಷಟರಿನಲ್ಲಿ ಕೀಗೊಂಚಲು ನೇತಾಡುತ್ತಿತ್ತು. ನಾನೇ ನಿಂತೆ. ಅವನು ತಲೆ ತಗ್ಗಿಸಿಕೊಂಡು ಮುಂದೆ ಹೋದ.

"ನಡಿ ಅಕ್ಕ, ನಮಗ್ಯಾಕೆ."

ಎರಡು ವರ್ಷದ ಮೇಲೆ ಡೆಂಗಿ ಜ್ವರ ಬಂತು. ಐದು ದಿನ ಆಸ್ಪತ್ರೆಯಲ್ಲಿದ್ದ. ಅವತ್ತಿನ ಮಾತೆತ್ತಿ, ನಿನ್ನದೇನೂ ತಪ್ಪಿರಲಿಲ್ಲ ಎಂದು ಹೇಳಬೇಕು ಅಂದುಕೊಂಡೇ ದಿನಾ ಹೋಗುತ್ತಿದ್ದೆ. ಎಳನೀರು ಕುಡಿಸಿ ಎದ್ದುಬರುತ್ತಿದ್ದೆ. ಆರನೇ ದಿನ ಕೇಳಿಸಿಕೊಳ್ಳಲು ಅವನಿರಲಿಲ್ಲ.

ಈಚೆಗೆ ಓನರ್ ಮಗಳು ಏನೋ ಓದುತ್ತ ಹೇಳಿದಳು, ಇಲ್ಲಿನ ಕಂಪನಿಗಳೂ ಈಗ ನಮ್ಮ ಸೈಟಿನಲ್ಲಿ ತಪ್ಪು ಹುಡುಕಿಕೊಡಿ ಎಂದು ಹೊರಗಿನವರನ್ನು ಕರೆದು ಬಹುಮಾನ ಕೊಡುತ್ತವೆ, ಹೆಸರು ಹಾಕುತ್ತವೆ ಎಂದು. ಮಾರನೆ ದಿನ ಜೆ.ಪಿ. ನಗರಕ್ಕೆ ಹೋದೆ, ಆ ಪತ್ರ ವಾಪಸು ಕೇಳೋಣವೆಂದು. ಆಫೀಸ್ ಇದ್ದ ಜಾಗದಲ್ಲಿ ಹಲ್ಲಿನ ಕ್ಲಿನಿಕ್ ಇದೆ. ಕಂಪನಿ ಎಲ್ಲಿ ಹೋಯಿತೋ ಅಲ್ಲಿ ಯಾರಿಗೂ ಗೊತ್ತಿಲ್ಲ. ಪತ್ರ ಯಾವ ಫೈಲಿನಲ್ಲಿದೆಯೋ, ರದ್ದಿಗೆ ಹೋಯಿತೋ. ಎಲ್ಲಿದ್ದರೂ ಅದರ ಕೆಳಗಿರುವ ಸಹಿ ನನ್ನ ತಮ್ಮನದು. ತಪ್ಪು ನನ್ನದು.