ನಾನು ತಪ್ಪಿ ಹೆಚ್ಚಿಸಿದ ಗ್ರಾಹಕಗಳು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ಮೊಟ್ಟೆಯೊಳಗೆ ಬೆಳೆಯುತ್ತಿರುವ ಕೋಳಿಭ್ರೂಣದಿಂದ ನರಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಸಾಕುವುದು ನನ್ನ ಕೆಲಸ. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಭ್ರೂಣ ಬೆಳೆಯುವುದಿಲ್ಲ, ಹುಂಜ ಇರುವ ಮನೆಯದೇ ಬೇಕು. ಹಾಗಾಗಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಕಾಪುವಿನ ಒಂದು ಬ್ಯಾರಿ ಮನೆಗೆ ಹೋಗುತ್ತಿದ್ದೆ.

"ಹುಂಜ ಉಂಟಲ್ಲ?" ಎಂದು ಪ್ರತಿ ಸಲ ಕೇಳುತ್ತಿದ್ದೆ.

"ಉಂಟು ಮಾರಾಯ್ತಿ. ಮದುವೆಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ!" ಎನ್ನುತ್ತಿದ್ದರು ಆ ಮನೆಯ ಯಜಮಾನಿ.

ನರಕೋಶಕ್ಕೆ ಚಿಗುರು ಬರಿಸುವ ಒಂದು ಪ್ರೋಟೀನು ಉಂಟು. ಅದಕ್ಕೆ ಬೆಳವಣಿಗೆ ಅಂಶ ಎನ್ನುತ್ತಾರೆ. ಅದನ್ನು ಹಿಡಿಯಲು ಕೋಶದ ಮೈಮೇಲೆ ಗ್ರಾಹಕಗಳಿರುತ್ತವೆ. ಅಂಶ ಸಿಕ್ಕ ಮೇಲೆ, ಹೊಟ್ಟೆ ತುಂಬಿದವರು ಎಲೆ ಮಡಚಿದ ಹಾಗೆ, ಕೋಶ ಗ್ರಾಹಕಗಳನ್ನು ಕಡಿಮೆ ಮಾಡಿಕೊಳ್ಳುತ್ತದೆ ಎಂದು ನಮ್ಮ ಸರ್ ನಂಬಿದ್ದರು.

ಮೊದಲ ದಿನ ಒಂದೇ ಸಲ ಅಂಶ ಹಾಕಬೇಕೆಂದು ಅವರ ಅಪ್ಪಣೆ. ನನ್ನದೋ, ಬೀಗ ಹಾಕಿದೆನೇ ಎಂದು ಅರ್ಧ ದಾರಿಯಿಂದ ತಿರುಗಿ ಬರುವ ಸ್ವಭಾವ. ಹಾಕಿದೆನೋ ಮರೆತೆನೋ ಎಂಬ ಅನುಮಾನದಲ್ಲಿ ಮರುದಿನವೂ ಹಾಕಿದೆ, ಅದರ ಮರುದಿನವೂ ಹಾಕಿದೆ. ಕೊನೆಗೆ ತೊಳೆದು ಅಳೆದರೆ ಗ್ರಾಹಕಗಳು ಕಡಿಮೆಯಾಗುವ ಬದಲು ಹೆಚ್ಚಾಗಿದ್ದವು. ಬೇರೆ ತಟ್ಟೆಗಳಲ್ಲಿ ಹಾಗೆಯೇ ಮಾಡಿ ನೋಡಿದೆ. ಹೆಚ್ಚೇ. ಉಣ್ಣುತ್ತ ಉಣ್ಣುತ್ತ ಕೋಶ ಇನ್ನಷ್ಟು ಕೈ ಚಾಚುತ್ತಿತ್ತು.

ಸರ್‌ಗೆ ಹೇಳಲು ಹೆದರಿಕೆಯಾಗಿ ಪಕ್ಕದ ಮೇಜಿನ ಹಿರಿಯ ಸಂಶೋಧಕಿಗೆ ಹೇಳಿದೆ. ಕಾರ್ಕಳದ ಕೊಂಕಣಿ ಕ್ರಿಶ್ಚಿಯನ್ ಮನೆಯವರು. ದಿನಾ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದೆವು. ನನಗೆ ಅವರು ಅಕ್ಕ.

"ಎಡವಟ್ಟು ಮಾಡಿದ್ದು ಅಂತ ಗೊತ್ತಾದ್ರೆ ಸರ್ ಬಿಡ್ತಾರಾ?" ಎಂದರು ಅಕ್ಕ. "ನೀನು ಸುಮ್ಮನಿರು. ಅಳತೆ ಬರೆದಿಟ್ಟ ಪುಸ್ತಕ ಕೊಡು, ನಾನೊಮ್ಮೆ ಮಾಡಿ ನೋಡ್ತೇನೆ."

ಕೊಟ್ಟೆ. ಎದೆಯ ಭಾರ ಇಳಿದು ಆ ವಾರ ನನಗೆ ಒಳ್ಳೆಯ ನಿದ್ದೆಯೂ ಬಂತು.

ಎರಡು ತಿಂಗಳ ಮೇಲೆ ಅಕ್ಕನ ಸೆಮಿನಾರು. ಸ್ಲೈಡ್ ಬದಲಿಸುವ ಕೆಲಸ ನನ್ನದು. ಗೋಡೆಯ ಮೇಲೆ ನನ್ನ ಗ್ರಾಫು ಮೂಡಿತು. ನನ್ನ ತಟ್ಟೆಗಳು, ನನ್ನ ಅಳತೆಗಳು. ಸ್ಲೈಡನ್ನು ತಿರುಗುಮುರುಗಾಗಿ ಹಾಕಿದೆನೇ ಎಂದು ಮೊದಲು ಗಾಬರಿಯಾಯಿತು. ಸಿಟ್ಟು ಆಮೇಲೆ ಬಂತು.

"ದಿನಾ ಕೊಟ್ಟು ನೋಡಬೇಕು ಅಂತ ಹೇಗೆ ಹೊಳೆಯಿತು?" ಸರ್ ಖುಷಿಯಲ್ಲಿ ಕೇಳಿದರು.

"ಹೀಗೇ ಯೋಚನೆ ಮಾಡ್ತಾ ಹೊಳೆಯಿತು ಸರ್," ಎಂದ ಅಕ್ಕ ನನ್ನ ಕಡೆ ತಿರುಗಿ, "ನೆಕ್ಸ್ಟ್," ಎಂದರು. ನಾನು ಸ್ಲೈಡ್ ಬದಲಿಸಿದೆ.

ಹೊರಗೆ ವರಾಂಡದಲ್ಲಿ ಅವರನ್ನು ಹಿಡಿದೆ. "ಅಕ್ಕ, ಅದು ನನ್ನದಲ್ವಾ?"

"ನಿನ್ನದೆಂತ ಉಂಟು ಅದರಲ್ಲಿ? ನೀನು ಮಾಡಿದ್ದು ತಪ್ಪು ಮಾರಾಯ್ತಿ. ಪ್ರಯೋಗ ಮಾಡಿದ್ದು ನಾನು."

ಸರ್ ಕೋಣೆಯ ಬಾಗಿಲು ತೆರೆದೇ ಇತ್ತು. ಅದು ನನ್ನದು ಎನ್ನಬೇಕಾದರೆ ಅಪ್ಪಣೆ ಮೀರಿದ್ದನ್ನು ಮೊದಲು ಒಪ್ಪಬೇಕು. ಹೊಸ್ತಿಲಲ್ಲಿ ನಿಂತೆ.

"ಎಂತ?" ಎಂದರು ಸರ್.

"ಸ್ಲೈಡುಗಳನ್ನು ಎಲ್ಲಿಡುವುದು ಸರ್?" ಎಂದೆ.

ಲೇಖನ ಸರ್ ಮತ್ತು ಅಕ್ಕ ಇಬ್ಬರ ಹೆಸರಿನಲ್ಲಿ ಬಂತು. ಆ ಕ್ರಿಸ್ಮಸ್ಸಿಗೆ ಅಕ್ಕ ಯಾವತ್ತಿನಂತೆ ಕಾರ್ಕಳದಿಂದ ಡಬ್ಬಿ ತುಂಬ ಕುಸ್ವಾರ್ ತಿಂಡಿ ತಂದುಕೊಟ್ಟರು. ಬೇಡ ಎನ್ನುವ ಧೈರ್ಯ ಅಲ್ಲಿಯೂ ಬರಲಿಲ್ಲ. ತಿಂದೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.