ಬಂಗ್ಲೆಯ ಅರ್ಥ

ಸೊರಬದಿಂದ ಶಿರಾಳಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೊಸ ಮದುಮಗಳು ಸದ್ದಿಲ್ಲದೆ ಅಳುತ್ತಿದ್ದಳು. ಅವಳ ಗಂಡ ಕಂಬಿ ಹಿಡಿದು ಅಲ್ಲೇ ನಿಂತಿದ್ದ.

"ಬಂಗ್ಲೆ ಐತೆ ಅಂದಿದ್ರಿ. ಬಂದು ನೋಡಿದ್ರೆ ಎರಡು ಕೋಣೆ ಹಂಚಿನ ಮನೆ. ನಾನು ಅವ್ವನ ಹತ್ರಾನೇ ಇರ್ತೀನಿ" ಅಂದಳು.

ಕನ್ನಡ ಪಾಠ ಮಾಡುವವಳು ನಾನು, ಬಾಯಿ ಸುಮ್ಮನಿರಲಿಲ್ಲ. "ಬಂಗ್ಲೆ ಅನ್ನೋ ಮಾತು ಬಂಗಾಳದಿಂದ ಬಂದಿದ್ದಮ್ಮ. ಅಲ್ಲಿ ಹಳ್ಳಿಯವರ ಸಣ್ಣ ಮನೆಗೆ ಹಾಗಂತಿದ್ರು. ಇಳಿಜಾರು ಸೂರು, ಮುಂದೊಂದು ಜಗಲಿ, ಅಷ್ಟೇ. ಬ್ರಿಟಿಷರು ಅಂಥದ್ದನ್ನೇ ದೊಡ್ಡದಾಗಿ ಕಟ್ಟಿಸಿಕೊಂಡ ಮೇಲೆ ಮಾತೂ ದೊಡ್ಡದಾಯ್ತು."

ಗಂಡನ ಮುಖ ಅರಳಿತು. "ನಮ್ಮನೆಗೂ ಜಗಲಿ ಐತಲ್ರೀ ಮೇಡಂ!"

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ಇದೆಲ್ಲ ಗೊತ್ತಿದ್ದೇ ಹೇಳಿದ್ರೇನು?"

ಅವನು ತಲೆ ತಗ್ಗಿಸಿದ. "ಇಲ್ಲ. ಇದ್ದಿದ್ದು ಇದ್ದಂಗೆ ಹೇಳಿದ್ರೆ ನೀನು ಒಪ್ಪಲ್ವೇನೋ ಅಂತ ಹೆದರಿಕೆ ಆಗಿತ್ತು."

ಅವಳು ನನ್ನ ಕಡೆಗೆ ಸರಿದು ಅವನಿಗೆ ಜಾಗ ಮಾಡಿದಳು. "ಕೂತ್ಕಳ್ರಿ, ಎಷ್ಟೊತ್ತು ನಿಂತಿರ್ತೀರಿ? ಅವ್ವನ್ನ ಮಾತಾಡಿಸ್ಕೊಂಡು ಸಂಜೆ ಬಸ್ಸಿಗೆ ಇಬ್ರೂ ವಾಪಸ್ ಹೋಗಣ."

ಇಬ್ಬರ ಸೀಟಿನಲ್ಲಿ ಮೂವರಾದೆವು. ಅರ್ಥ ಹೇಳಿದ ತಪ್ಪಿಗೆ ಶಿರಾಳಕೊಪ್ಪದವರೆಗೂ ನಾನು ಕಿಟಕಿಗೆ ಅಂಟಿಕೊಂಡೇ ಬಂದೆ.