ಕ್ರೌನಿಗೆ ಕುಂಕುಮ ಹಚ್ಚಿದ ಶುಕ್ರವಾರ

ನನ್ನ ತಂಗಿಗೆ ಕಾರಿನ ಹುಚ್ಚು. ಸಣ್ಣ ಹುಚ್ಚಲ್ಲ. ಸುರಪುರದಲ್ಲಿ ಮಕ್ಕಳಿಗೆ ಗಣಿತ ಕಲಿಸುವ ಈ ಮೇಡಂ ರಜೆ ಬಂದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಹೆಲ್ಮೆಟ್ ಏರಿಸಿ, ಯಾರದೋ ಕೊಯ್ದ ಹೊಲದಲ್ಲಿ ಧೂಳೆಬ್ಬಿಸಿ ರೇಸು ಹೊಡೆಯುತ್ತಾಳೆ. ಅವಳದು ಹಿಂದಿನ ಗಾಲಿ ತಿರುಗಿಸಿ ಓಡುವ ಹಳೆಯ ಕಾಲದ ಕಾರು. ಅದಕ್ಕೆ ದೊಡ್ಡ ಇಂಜಿನ್ ಕೂರಿಸಿದವನು ನಾನೇ. ಶಹಾಪುರದಲ್ಲಿ ನನ್ನದೊಂದು ಗ್ಯಾರೇಜಿದೆ. ಇಂಜಿನ್ನೇನೋ ದೊಡ್ಡದಾಯಿತು, ಹಿಂದಿನ ಗಿಯರುಗಳು ಮಾತ್ರ ಹಳೆಯವೇ ಉಳಿದವು. ಹಾಗಾಗಿ ಆಮೇಲಿನ ಎರಡು ರೇಸಿನಲ್ಲೂ ಕಾರು ಗಿಯರಿನ ಹಲ್ಲು ಮುರಿದುಕೊಂಡು, ಎರಡು ಸಲವೂ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂತು.

ಎರಡನೆಯ ಸಲ ತಂಗಿಯ ಅತ್ತೆ ಗೇಟಿನ ಮುಂದೆಯೇ ನಿಂತು ಫರ್ಮಾನು ಹೊರಡಿಸಿದರು. "ಇನ್ನೊಂದ್ ಸಲ ಈ ಗಾಡಿ ಹಗ್ಗಾ ಕಟ್ಟಿಸ್ಕೊಂಡು ಬಂತಂದ್ರ ನಾ ಗೇಟ ತೆಗ್ಯಂಗಿಲ್ಲ ನೋಡು. ಅಲ್ಲಿಂದಲ್ಲೇ ಮಾರಿ ಎರಡ ಎಮ್ಮಿ ಕಟ್ಟೋದು. ಎಮ್ಮಿ ಆದ್ರ ತನ್ನ ಕಾಲಿಲೇ ಮನಿಗಿ ಬರ್ತದ."

ತಂಗಿ ಫೋನ್ ಮಾಡಿ ಅತ್ತಳು. "ಅಣ್ಣಾ, ಗೆಲ್ಲೋದ್ ಬ್ಯಾಡ. ಬರೋ ಐತವಾರ ರೇಸ್ ಮುಗಿಸಿ ಗಾಡಿ ತಾನೇ ಮನಿಗಿ ಬಂದ್ರ ಸಾಕು. ಏನರ ಮಾಡು." ನನಗೆ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಇವಳೊಬ್ಬಳು ಅತ್ತರೆ ಮಾತ್ರ ನನ್ನ ಜೋರು ಎಲ್ಲ ಇಳಿದುಹೋಗುತ್ತದೆ.

ಕಾರನ್ನು ಶಹಾಪುರಕ್ಕೆ ಎಳೆಸಿ ತಂದು, ಗಟ್ಟಿ ಗಿಯರುಗಳ ಹೊಸ ಜೋಡಿ ತರಿಸಿದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಕ್ರೌನ್-ಪಿನಿಯನ್ ಎನ್ನುತ್ತೇವೆ. ಪಿನಿಯನ್ ಚಿಕ್ಕದು, ಇಂಜಿನ್ನಿನ ಕಡೆಯಿಂದ ತಿರುಗುತ್ತ ಬರುತ್ತದೆ. ಕ್ರೌನ್ ಊಟದ ಗಂಗಾಳದಷ್ಟು ಅಗಲ, ಆ ತಿರುಗಾಟವನ್ನು ಗಾಲಿಗಳಿಗೆ ಮುಟ್ಟಿಸುತ್ತದೆ. ಎರಡರ ಹಲ್ಲುಗಳೂ ನಟ್ಟನಡುವೆ ಕೂಡಬೇಕು. ಕೂದಲೆಳೆಯಷ್ಟು ಆಚೀಚೆಯಾದರೆ ಕಾರು ಊಳಿಡುತ್ತದೆ; ಹಾಗೇ ಓಡಿಸಿದರೆ ಹಲ್ಲು ಕೈಗೆ ಬರುತ್ತದೆ. ಇದನ್ನು ಸರಿಹೊಂದಿಸಲು ನಡುವೆ ಶಿಮ್ ಎಂಬ, ಕಾಗದದಷ್ಟು ತೆಳುವಾದ ಉಕ್ಕಿನ ಬಳೆ ಹಾಕುತ್ತೇವೆ.

ಕೂಡಿದೆಯೋ ಇಲ್ಲವೋ ನೋಡಲು ಕ್ರೌನಿನ ಏಳೆಂಟು ಹಲ್ಲಿಗೆ ಬಣ್ಣ ಬಳಿದು ತಿರುವಬೇಕು. ತಾಗಿದ ಕಡೆ ಬಣ್ಣ ಅಳಿದು ಉಕ್ಕು ಹೊಳೆಯುತ್ತದೆ. ಆ ಗುರುತು ಹಲ್ಲಿನ ನಡುವೆ ಅವರೆಕಾಳಿನ ಆಕಾರದಲ್ಲಿ ಬಿದ್ದರೆ ಗೆದ್ದಂತೆ. ಇದಕ್ಕೆಂದೇ ಬೇರೆ ಬಣ್ಣದ ಡಬ್ಬಿ ಸಿಗುತ್ತದಂತೆ, ಶಹಾಪುರದಲ್ಲಿ ನಾನಂತೂ ಕಂಡಿಲ್ಲ. ನಮ್ಮದು ಮನೆಯ ಪದ್ಧತಿ: ಅವ್ವನ ದೇವರ ಜಗಲಿಯ ಕುಂಕುಮ, ಅದಕ್ಕೆ ಒಂದಿಷ್ಟು ಔಡಲ ಎಣ್ಣೆ. ಕಲಸಿದರೆ ಯಾವ ಕಂಪನಿ ಮಾಲಿಗೂ ಕಡಿಮೆಯಿಲ್ಲ.

ಆ ಶುಕ್ರವಾರ ಗ್ಯಾರೇಜಿನ ಮುಂದಿನ ರಸ್ತೆ ಅಗೆದು ಹಾಕಿದ್ದರು, ಒಳಗೆಲ್ಲ ಧೂಳೋ ಧೂಳು. ಅದಕ್ಕೇ ಈ ಜೋಡಿ ಕೂರುವ ಗಿಯರು ಪೆಟ್ಟಿಗೆಯನ್ನು, ಅಂದರೆ ಡಿಫರೆನ್ಶಿಯಲ್ಲನ್ನು, ಮನೆಗೇ ಹೊತ್ತು ತಂದು, ಪಡಸಾಲೆಯಲ್ಲಿ ಮಣೆಯ ಮೇಲೆ, ಕ್ರೌನ್ ಮೇಲ್ಮುಖವಾಗುವಂತೆ ಕೂರಿಸಿದೆ. ಜೊತೆಗೆ ನನ್ನ ಪಾಲುದಾರನೂ ಇದ್ದ. ಮನೆಯಲ್ಲಿ ದಖ್ಖನಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿಸಿ ಮಾತಾಡುವ ಮನುಷ್ಯ. ಮೊದಲ ಸಲ ತಿರುವಿದಾಗ ಗುರುತು ಹಲ್ಲಿನ ಅಂಚಿಗೆ ಬಿತ್ತು. ಅವನು ಬೇರೊಂದು ಶಿಮ್ ಆರಿಸಿ ಹಾಕಿದ. ನಾನು ಒರೆಸಿ ಮತ್ತೆ ಕುಂಕುಮ ಬಳಿದೆ. ಇನ್ನೇನು ತಿರುವಬೇಕು, ಗ್ಯಾರೇಜಿನಿಂದ ಫೋನ್ ಬಂತು: ಜೀಪಿನ ಗಿರಾಕಿಯೊಬ್ಬ ಬಂದು ಕೂಗಾಡುತ್ತಿದ್ದಾನೆ. ಕುಂಕುಮ ಹಚ್ಚಿದ್ದನ್ನು ಹಾಗೇ ಬಿಟ್ಟು ಇಬ್ಬರೂ ಓಡಿದೆವು.

ಗಿರಾಕಿಯ ಜೊತೆ ನಾನೂ ಕೂಗಾಡಿ ಸಮಾಧಾನವಾದ ಮೇಲೆ ಪಾಲುದಾರನಿಗೆ, "ನೀ ಮುಂದ ಹೋಗಿ ತಿರುವಿ ನೋಡು, ನಾ ಹಿಂದಿಂದ ಬರ್ತೀನಿ" ಎಂದೆ. ನಾನು ಮನೆಗೆ ಬಂದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಪಾಲುದಾರ ತಿರುವಿಟ್ಟು ಹೊರಗೆ ಹೋಗಿದ್ದಾನೆಂದುಕೊಂಡು ಕ್ರೌನ್ ನೋಡಿದೆ. ಅಬ್ಬಬ್ಬಾ! ಒಂದೊಂದು ಹಲ್ಲಿನ ನಟ್ಟನಡುವೆಯೂ ಅವರೆಕಾಳು. ಇಷ್ಟು ವರ್ಷದಲ್ಲಿ ಅಂಥ ಗುರುತು ನಾನು ನೋಡಿರಲಿಲ್ಲ. ಫೋಟೋ ತೆಗೆದು ತಂಗಿಗೆ ಕಳಿಸಿದೆ. ಬಣ್ಣ ಒರೆಸಿ ಬೋಲ್ಟು ಬಿಗಿಯುವಷ್ಟರಲ್ಲಿ ಪಾಲುದಾರ ಬಂದ. "ಏನ್ ಕೈ ಐತೋ ಭಾಯಿ ನಿಂದು!" ಎಂದು ಬೆನ್ನು ತಟ್ಟಿದೆ. ಅವನು, ತಾನು ಆರಿಸಿದ ಶಿಮ್ಮಿಗೆ ಶಹಬ್ಬಾಸ್‌ಗಿರಿ ಸಿಕ್ಕಿತೆಂದು ತಿಳಿದು, "ಸಬ್ ದುವಾ ಹೈ ಉಸ್ತಾದ್" ಎಂದು ನಾಚಿಕೊಂಡ.

ಶನಿವಾರ ಬೆಳಗಿನ ಶಾಲೆ ಮುಗಿಸಿ ತಂಗಿ ಬಂದಳು. ಹೊಸ ಗಿಯರಿನ ಮೊದಲ ಓಟಕ್ಕೆ ಅವಳು ಸ್ಟೇರಿಂಗಿಗೆ, ನಾನು ಪಕ್ಕಕ್ಕೆ. ಊರು ದಾಟಿ ಸುರಪುರದ ರಸ್ತೆಯಲ್ಲಿ ಜೋರು ಕೊಟ್ಟಳು ನೋಡಿ, ಹಿಂದಿನಿಂದ ಊಊಊ ಎಂದು ಶುರುವಾಯಿತು. ಮುಂದಿದ್ದ ಲಾರಿ ಆಂಬುಲೆನ್ಸ್ ಬಂತೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಒಂದು ಹಳ್ಳಿಯ ಕಟ್ಟೆಯ ಮೇಲಿದ್ದವರೆಲ್ಲ ಯಾವನೋ ಮಂತ್ರಿಯೆಂದು ಎದ್ದು ನಿಂತರು. ತಂಗಿಯ ಮುಖ ಬಿಳಿಚಿಕೊಂಡಿತು.

"ಅಣ್ಣಾ, ಇದು ಅಳಾಕತ್ತದ."

"ಎಣ್ಣಿ ಕಾಯಲಿ, ಸುಮ್ಮನಾಗ್ತದ. ನೀ ಹೊಡಿ!" ಎಂದು ನಾನೇ ಗದರಿದೆ. ಕಾದಷ್ಟೂ ಅದರ ಕಂಠ ಜೋರಾಯಿತು. ಸುಮ್ಮನಾದದ್ದು ನಾನು.

ವಾಪಸ್ ಬಂದು ಬಿಚ್ಚಿ ಮತ್ತೆ ಮಣೆಯ ಮೇಲಿಟ್ಟು ನೋಡಿದರೆ ಹೊಸ ಹಲ್ಲುಗಳ ಅಂಚೆಲ್ಲ ಉಜ್ಜಿಹೋಗಿತ್ತು. ನನ್ನ ಸಿಟ್ಟು ನೆತ್ತಿಗೇರಿತು. "ಏನ್ ತಿರುವಿ ನೋಡಿದ್ಯೋ ನೀ?" ಎಂದು ಪಾಲುದಾರನ ಮೇಲೆ ಹರಿಹಾಯ್ದೆ.

"ನಾ ಎಲ್ಲಿ ತಿರುವೀನಿ? ಜುಮ್ಮಾ ನಮಾಜಿಗಿ ಹೋಗಿದ್ದೆ. ಬರೋದ್ರಾಗ ನೀನೇ ಎಲ್ಲಾ ಮುಗಿಸಿದ್ದಿ!"

ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ತಿರುವಿಲ್ಲ, ನಾನೂ ತಿರುವಿಲ್ಲ. ಹಾಗಾದರೆ ಆ ಅವರೆಕಾಳುಗಳು ಎಲ್ಲಿಂದ ಬಂದವು?

ಅಷ್ಟರಲ್ಲಿ ಚಹಾ ಹಿಡಿದು ಬಂದ ಅವ್ವ, ನನ್ನ ಕೈಯಲ್ಲಿನ ಕುಂಕುಮದ ಬಟ್ಟಲು ನೋಡಿ ಕೆರಳಿದಳು. "ಮತ್ತ ಅದೇ ಕುಂಕುಮ ಕಲಸಾಕತ್ತೀಯೇನು? ಅದರಾಗ ಏನ್ ಬೆರಸೀಯೋ! ನಿನ್ನಿ ಹಣೀಗಿ ಹಚ್ಕೊಂಡ ಹೆಣ್ಮಕ್ಕಳಿಗೆಲ್ಲಾ ಬಿಸಲಿಗಿ ಮೂಗಿನ ತನಾ ಇಳದದಂತ. ಇಡೀ ಓಣಿ ನನಗ ಬೈಯಾಕತ್ತದ."

"ಯಾರ್ ಹಚ್ಕೊಂಡ್ರು? ಎಲ್ಲಿಂದ ಹಚ್ಕೊಂಡ್ರು?" ನನ್ನ ದನಿ ಯಾದಗಿರಿಗೂ ಕೇಳಿಸಿರಬೇಕು.

"ಒದರಬ್ಯಾಡ! ಹೊಸಾ ಸಾಮಾನ ಮಣಿ ಮ್ಯಾಲ ಕೂಡ್ಸಿ ಕುಂಕುಮ ಹಚ್ಚಿ ಹೋಗೀದಿ. ಎಂದೂ ಕೈ ಮುಗೀದಂವ ಪೂಜಾ ಮಾಡ್ಯಾನಲ್ಲಾ ಅಂತ ನನಗ ಹಿಗ್ಗ ಆತು. ಶುಕ್ರವಾರ ಅಂತ ಓಣಿ ಮುತ್ತೈದೇರ್ನ ಕರದಿದ್ದೆ. ಒಬ್ಬೊಬ್ರು ಒಂದೊಂದ್ ಹಲ್ಲಿನ ಮ್ಯಾಲಿಂದ ಬೆರಳಿಲೇ ತುಸು ತಗೊಂಡು ಹಣೀಗಿ, ತಾಳೀಗಿ ಹಚ್ಕೊಂಡು ನಿನಗ ಹರಸಿ ಹೋಗ್ಯಾರ. ಅದರಾಗ ಏನ್ ತಪ್ಪ ಆತೋ ಭಾಡ್ಯಾ?"

ನಾನು ಅಬ್ಬಬ್ಬಾ ಎಂದು ಹಿಗ್ಗಿ ಫೋಟೋ ತೆಗೆದದ್ದು ನಮ್ಮ ಓಣಿಯ ಹೆಂಗಸರ ಉಂಗುರಬೆರಳಿನ ಗುರುತನ್ನು! ಪಾಲುದಾರ ಗೋಡೆ ಹಿಡಿದುಕೊಂಡು ನಕ್ಕ. ತಂಗಿ ನಗುತ್ತ ನಗುತ್ತ ಅಳತೊಡಗಿದಳು. ಇನ್ನೊಂದು ಜೋಡಿ ತರಿಸಲು ವೇಳೆ ಇರಲಿಲ್ಲ. ಹುಡುಗಿ ಆಸೆಪಟ್ಟು ಇಟ್ಟುಕೊಂಡದ್ದು ಇದೊಂದೇ ಕಾರು, ಅದೂ ನನ್ನ ಮನೆಯ ಪಡಸಾಲೆಯಲ್ಲೇ ಕೈಬಿಟ್ಟು ಹೋಗುವಂತಿತ್ತು.

ಮತ್ತೆ ಶಿಮ್ ಬದಲಿಸಿದೆವು, ಮತ್ತೆ ಬಳಿದೆವು. ಅವ್ವ ಕಸಬರಿಗೆ ಹಿಡಿದು ಬಾಗಿಲಲ್ಲಿ ಕಾವಲು ನಿಂತಳು. ಸಕ್ಕರೆ ಕೇಳಲು ಬಂದ ಎದುರು ಮನೆಯಾಕೆಯನ್ನೂ ಒಳಗೆ ಬಿಡಲಿಲ್ಲ. ಈ ಸಲ ತಿರುವಿದವನು ನಾನೇ, ನನ್ನ ಕೈಯಾರೆ. ಗುರುತು ನಡುವೆ ಬಿತ್ತು. ಆದರೆ ಉಜ್ಜಿಹೋದ ಅಂಚು ಮತ್ತೆ ಹುಟ್ಟುತ್ತದೆಯೇ? ಪಾಲುದಾರ ಬೆರಳಾಡಿಸಿ ನೋಡಿ ಹೇಳಿದ: "ಮುರ್ಯಂಗಿಲ್ಲ. ಆದ್ರ ಬಾಯಿ ಮುಚ್ಚಂಗೂ ಇಲ್ಲ."

ಭಾನುವಾರ ಯಾದಗಿರಿ ರಸ್ತೆಯ ಬದಿಯ ಬಯಲಲ್ಲಿ ತಂಗಿ ರೇಸು ಹೊಡೆದಳು. ಗೆಲ್ಲಲಿಲ್ಲ. ಅವಳ ಹಿಂದೆ ಒಂದೇ ಒಂದು ಕಾರಿತ್ತು, ಅದೂ ಕೆಟ್ಟು ನಿಂತದ್ದು. ನಮಗೆ ಅದರ ಪರಿವೆಯೇ ಇರಲಿಲ್ಲ. ನಿಜವಾದ ರೇಸು ಮುಂದಿತ್ತು, ಅಲ್ಲಿಂದ ಸುರಪುರದ ಮನೆಯವರೆಗೆ. ನಾನು ತಂಗಿಯ ಪಕ್ಕದಲ್ಲಿ ಕೂತೆ, ಕಾರು ಊಳಿಡುತ್ತ ಹೊರಟಿತು. ಜೋರು ಕೊಟ್ಟರೆ ಜೋರಾಗಿ, ನಿಧಾನ ಮಾಡಿದರೆ ನಿಧಾನವಾಗಿ ಊಳಿಟ್ಟಿತು. ಪ್ರತಿ ಏರಿನಲ್ಲೂ ನಾನು ಉಸಿರು ಬಿಗಿಹಿಡಿದೆ. ತಂಗಿ ಡ್ಯಾಶ್‌ಬೋರ್ಡನ್ನು ಹಸುಳೆಯ ಬೆನ್ನಿನಂತೆ ಸವರುತ್ತ, "ಇನ್ನೊಂದೀಟ ನಡಿಯಪ್ಪಾ, ಇನ್ನೊಂದೀಟ" ಎನ್ನುತ್ತಿದ್ದಳು.

ಅವರ ಓಣಿಗೆ ತಿರುಗಿದಾಗ ಜನ ಆಗಲೇ ಮನೆಗಳ ಮುಂದೆ ನಿಂತಿದ್ದರು. ಮೂರು ಓಣಿ ಆಚೆಯಿಂದಲೇ ಸದ್ದು ಕೇಳಿಸಿತ್ತಂತೆ. ತಂಗಿ ಹಾರ್ನ್ ಹೊಡೆಯಲು ಕೈಯೆತ್ತಿದಳು, ಬೇಕಾಗಲಿಲ್ಲ. ಗೇಟಿನ ಎರಡೂ ಬಾಗಿಲು ಪೂರಾ ತೆರೆದಿದ್ದವು. ನಡುವೆ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಕಾರಿನ ಹಿಂದೆ ಮುಂದೆ ಹಣಿಕಿ ಹಗ್ಗವಿಲ್ಲವೆಂದು ಖಾತ್ರಿ ಮಾಡಿಕೊಂಡು, ಓಣಿಯವರ ಕಡೆ ತಿರುಗಿದರು.

"ಯಾಕ ಹಂಗ ನೋಡಾಕತ್ತೀರಿ? ನನ್ನ ಸೊಸಿ ಬಂದಾಳ. ಆಕಿ ಬಂದ್ರ ಊರಿಗೆಲ್ಲಾ ಗೊತ್ತಾಗಬೇಕು." ಆಮೇಲೆ ಪಕ್ಕಕ್ಕೆ ಸರಿದು, "ಒಳಗ ತಗೋಳವಾ" ಎಂದರು.

ತಂಗಿಯ ಕಣ್ಣು ತುಂಬಿ ಗೇಟೇ ಕಾಣಿಸುತ್ತಿರಲಿಲ್ಲ. ಪಕ್ಕದಿಂದ ಸ್ಟೇರಿಂಗ್ ಹಿಡಿದು ನಾನೇ ತಿರುಗಿಸಿದೆ.